ಕರುಳು ಮತ್ತೆ ಜೋಡಿಸ್ತಾರಾ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ

ನಮ್ಮ ಚಿಕ್ಕಪ್ಪ ಮುಳಬಾಗಿಲು ಹತ್ತಿರದ ಹಳ್ಳಿಯವರು. ಎರಡು ಹಸು, ಒಂದೂವರೆ ಎಕರೆ ಟೊಮೆಟೊ. ಕಳೆದ ವರ್ಷ ಒಂದು ರಾತ್ರಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿದು ಮಲಗಿದರು. ಬೆಳಗಿನ ಜಾವಕ್ಕೆ ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿದರೆ ಸಣ್ಣ ಕರುಳು ತಿರುಚಿಕೊಂಡು, ರಕ್ತದ ಓಡಾಟ ನಿಂತು, ಕಪ್ಪಾಗಿತ್ತು. ಕಪ್ಪಾದ ಭಾಗವನ್ನು ಕತ್ತರಿಸಿ ತೆಗೆದರು. ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು, ಮಲ ಅದರಲ್ಲಿ ಬೀಳಲಿ ಅಂತ ಚೀಲ ಅಂಟಿಸಿದರು. ಹದಿನಾರನೇ ದಿನ ಮನೆಗೆ ಬಂದರು.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು. "ಮತ್ತೆ ಯಾವಾಗ ಜೋಡಿಸ್ತಾರಂತೆ?"

ಕೇಳುವುದು ಸಹಜ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಳಗೆ ಎಷ್ಟು ಕರುಳು ಉಳಿದಿದೆ? ಯಾವ ಭಾಗ ಉಳಿದಿದೆ? ಮುಂದೆ ಏನು ತಿನ್ನಬಹುದು, ಎಷ್ಟು ಸಲ ಭೇದಿ ಆಗುತ್ತದೆ, ಯಾವ ಇಂಜೆಕ್ಷನ್ ಬೇಕು, ಮತ್ತೆ ಜೋಡಿಸಿದರೆ ಏನು ಲಾಭ ಅನ್ನೋದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಉತ್ತರ ನಮ್ಮ ಕೈಯಲ್ಲೇ ಇತ್ತು. ಡಿಸ್ಚಾರ್ಜ್ ಕಾಗದದ ಮೂರನೇ ಪುಟದಲ್ಲಿ, ಇಂಗ್ಲಿಷ್‌ನಲ್ಲಿ, ಒಂದೇ ಸಾಲು: ಚೀಲದವರೆಗೆ ಸಣ್ಣ ಕರುಳು ಸುಮಾರು 150 ಸೆಂಟಿಮೀಟರ್, ಕೊನೆಯ 30 ಸೆಂಟಿಮೀಟರ್ ಮತ್ತು ದೊಡ್ಡ ಕರುಳು ಒಳಗೆ ಚೆನ್ನಾಗಿದೆ.

ಕರುಳಿನ ಆಪರೇಷನ್ ಆಗುವುದು ತಿರುಚಿಕೊಂಡಾಗ ಮಾತ್ರ ಅಲ್ಲ. ಟೈಫಾಯ್ಡ್‌ನಿಂದ ಕರುಳು ತೂತು ಬೀಳಬಹುದು. ಕರುಳಿನ ಕ್ಷಯ ಬರಬಹುದು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಳ್ಳಬಹುದು. ಕ್ಯಾನ್ಸರ್, ಅಪಘಾತ, ದೊಡ್ಡ ಕರುಳಿನ ಹುಣ್ಣು ಎಲ್ಲವೂ ಕಾರಣವಾಗಬಹುದು. ಕಾರಣ ಯಾವುದೇ ಇರಲಿ, ಆಮೇಲಿನ ಬದುಕಿನ ಲೆಕ್ಕ ಮಾತ್ರ ಉಳಿದಿರುವ ಕರುಳಿನದು.

ಹೊಟ್ಟೆಯೊಳಗಿನ ಡ್ರಿಪ್ ಪೈಪು

ಕೋಲಾರದ ಕಡೆ ಡ್ರಿಪ್ ಪೈಪು ನೋಡದವರಿಲ್ಲ. ಸಾಲಿನ ಉದ್ದಕ್ಕೂ ಕಪ್ಪು ಪೈಪು. ಸಣ್ಣ ಸಣ್ಣ ತೂತುಗಳಿಂದ ಹನಿ ಹನಿಯಾಗಿ ನೀರು ಗಿಡಗಳಿಗೆ ಇಳಿಯುತ್ತದೆ. ಸಣ್ಣ ಕರುಳೂ ಹೀಗೇ. ಊಟದ ಸಾರ ಅದರ ಗೋಡೆಯ ಮೂಲಕ ರಕ್ತಕ್ಕೆ ಇಳಿಯುತ್ತಾ ಹೋಗುತ್ತದೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು 6 ಮೀಟರ್. ಒಬ್ಬೊಬ್ಬರಲ್ಲಿ ಒಂದೊಂದು ಅಳತೆ. ಕೆಲವರಲ್ಲಿ 4 ಮೀಟರಿಗೂ ಕಡಿಮೆ ಇರುತ್ತದೆ. "ಎರಡು ಮೀಟರ್ ತೆಗೆದರು" ಅಂದರೆ ಅದರಿಂದ ಏನೂ ಗೊತ್ತಾಗದೆ ಇರುವುದು ಇದಕ್ಕೇ. ಆರರಲ್ಲಿ ಎರಡು ಹೋಗುವುದು ಬೇರೆ, ಮೂರೂವರೆಯಲ್ಲಿ ಎರಡು ಹೋಗುವುದು ಬೇರೆ.

ಇನ್ನೊಂದು ವಿಷಯ ಇದೆ. ಈ ಪೈಪಿನ ಎಲ್ಲ ತೂತುಗಳೂ ಒಂದೇ ಕೆಲಸ ಮಾಡುವುದಿಲ್ಲ. ಸಕ್ಕರೆ, ಪ್ರೋಟೀನ್, ಕೊಬ್ಬು ಬಹುಪಾಲು ಮೇಲಿನ ಭಾಗದಲ್ಲೇ ಇಳಿದುಬಿಡುತ್ತವೆ. ಬಿ12 ವಿಟಮಿನ್ ಮತ್ತು ಪಿತ್ತರಸದ ಉಪ್ಪುಗಳು ಮಾತ್ರ ಕೊನೆಯ ಸುಮಾರು ಅರ್ಧ–ಒಂದು ಮೀಟರ್ ಬರುವ ತನಕ ಕಾಯುತ್ತವೆ. ಆ ಕೊನೆಯ ತುಂಡಿನ ಕೆಲಸವನ್ನು ಬೇರೆ ಭಾಗ ಕಲಿಯುವುದಿಲ್ಲ.

ಅಲ್ಲಿಂದ ಮುಂದೆ ದೊಡ್ಡ ಕರುಳು, ಸುಮಾರು ಒಂದೂವರೆ ಮೀಟರ್. ಇದರ ಮುಖ್ಯ ಕೆಲಸ ನೀರು ಮತ್ತು ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುವುದು. ನಾವು ದಿನಕ್ಕೆ ಕುಡಿಯುವುದು ಎರಡು ಲೀಟರ್ ಅಂದುಕೊಳ್ಳಿ. ಅದರ ಮೇಲೆ ಜೊಲ್ಲು, ಜಠರದ ರಸ, ಪಿತ್ತ, ಕರುಳಿನ ರಸ ಅಂತ ದೇಹ ತಾನೇ ಆರೇಳು ಲೀಟರ್ ಸುರಿಯುತ್ತದೆ. ಇಷ್ಟರಲ್ಲಿ ಹೆಚ್ಚಿನದನ್ನು ಸಣ್ಣ ಕರುಳು ವಾಪಸ್ ತೆಗೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಬರುವುದು ಸುಮಾರು ಒಂದೂವರೆ ಲೀಟರ್. ಕೊನೆಗೆ ಮಲದ ಜೊತೆ ಹೊರಗೆ ಹೋಗುವ ನೀರು ಒಂದು ಲೋಟದಷ್ಟೂ ಇರುವುದಿಲ್ಲ.

ತುದಿಯಲ್ಲಿ ಗುದನಾಳ. ಇದನ್ನು ಊರ ಮುಂದಿನ ಕೆರೆ ಅಂದುಕೊಳ್ಳಿ. ಬಂದದ್ದನ್ನು ತುಂಬಿಟ್ಟುಕೊಂಡು, ಹೊತ್ತು ನೋಡಿ ಬಿಡುವ ಜಾಗ. ಗುದದ್ವಾರದ ಬಿಗಿ ಸ್ನಾಯುಗಳೇ ಅದರ ತೂಬು.

ಯಾವ ತುಂಡು ಹೋದರೆ ಯಾವ ತೊಂದರೆ

ಮಧ್ಯದಿಂದ ಸ್ವಲ್ಪ ಹೋಗಿದ್ದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಇರುವುದಿಲ್ಲ. ಉಳಿದದ್ದು ಹೊಂದಿಕೊಳ್ಳುತ್ತದೆ. ಒಳಗೋಡೆ ದಪ್ಪವಾಗುತ್ತದೆ, ಸ್ವಲ್ಪ ಅಗಲವಾಗುತ್ತದೆ, ಹೆಚ್ಚು ಹೀರುವುದನ್ನು ಕಲಿಯುತ್ತದೆ. ಇದಕ್ಕೆ ಒಂದರಿಂದ ಎರಡು ವರ್ಷ ಬೇಕು. ಮೊದಲ ಮೂರು ತಿಂಗಳ ಸ್ಥಿತಿ ನೋಡಿ "ಇನ್ನು ಬದುಕೆಲ್ಲಾ ಹೀಗೇ" ಅಂತ ಎದೆಗುಂದಬೇಡಿ.

ಕೊನೆಯ ತುಂಡು ಹೋಗಿದ್ದರೆ ಎರಡು ವಿಷಯ ನೋಡಬೇಕು. ಮೊದಲನೆಯದು ಬಿ12. ಇದು ಕಡಿಮೆಯಾಗುವುದು ತಕ್ಷಣ ಗೊತ್ತಾಗುವುದಿಲ್ಲ. ಲಿವರ್‌ನಲ್ಲಿ ಕೆಲವು ವರ್ಷಕ್ಕೆ ಆಗುವಷ್ಟು ದಾಸ್ತಾನು ಇರುತ್ತದೆ. ಅದು ಖಾಲಿಯಾದಾಗ ಕೈಕಾಲು ಜೋಮು, ಸುಸ್ತು, ರಕ್ತ ಕಡಿಮೆ. ಅಷ್ಟು ಹೊತ್ತಿಗೆ ಆಪರೇಷನ್ ವಿಷಯವೇ ಮರೆತುಹೋಗಿರುತ್ತದೆ. ಇದಕ್ಕೆ ಇಂಜೆಕ್ಷನ್ ಇದೆ, ಸುಲಭ. ನೆನಪಿಟ್ಟುಕೊಳ್ಳುವುದೇ ಕಷ್ಟ. ಎರಡನೆಯದು ಪಿತ್ತ. ಹೀರಿಕೊಳ್ಳಬೇಕಾದ ತುಂಡು ಇಲ್ಲದಿದ್ದರೆ ಪಿತ್ತ ನೇರವಾಗಿ ದೊಡ್ಡ ಕರುಳಿಗೆ ಇಳಿದು ಅದನ್ನು ಕೆರಳಿಸುತ್ತದೆ. ಊಟ ಮಾಡಿದ ಕೂಡಲೇ ಹಳದಿ ನೀರಿನಂಥ ಉರಿಯುವ ಭೇದಿ. ಇದನ್ನು ಎಷ್ಟೋ ಜನ "ಊಟ ಒಗ್ಗುತ್ತಿಲ್ಲ" ಅಂತ ಅಂದುಕೊಂಡು ಊಟವನ್ನೇ ಬಿಡುತ್ತಾರೆ. ಪಿತ್ತವನ್ನು ಹಿಡಿದಿಡುವ ಕೊಲೆಸ್ಟೈರಮೈನ್ ಅನ್ನುವ ಪುಡಿ ಇದೆ. ಆದರೆ ಒಂದು ಮೀಟರಿಗಿಂತ ಜಾಸ್ತಿ ಹೋಗಿದ್ದರೆ ಲೆಕ್ಕ ತಿರುಗುತ್ತದೆ. ಆಗ ಕೊಬ್ಬು ಜೀರ್ಣವಾಗಲು ಬೇಕಾದಷ್ಟು ಪಿತ್ತವೇ ಇರುವುದಿಲ್ಲ, ಮಲ ಎಣ್ಣೆ ಎಣ್ಣೆಯಾಗಿ ತೇಲುತ್ತದೆ. ಅಂಥವರಿಗೆ ಇದೇ ಪುಡಿ ತೊಂದರೆ ಹೆಚ್ಚಿಸಬಹುದು. ಉಳಿದ ಅಳತೆ ಡಾಕ್ಟರ್‌ಗೆ ಗೊತ್ತಿರಬೇಕು ಅನ್ನುವುದು ಇದಕ್ಕೇ.

ದೊಡ್ಡ ಕರುಳು ಇಲ್ಲದಿದ್ದರೆ ಅಥವಾ ಚೀಲ ಅದಕ್ಕಿಂತ ಮೇಲೇ ಇದ್ದರೆ ನೀರು, ಉಪ್ಪು ಹೊರಗೆ ಹರಿದುಹೋಗುತ್ತವೆ. ಚಿಕ್ಕಪ್ಪನಿಗೆ ಆಗಿದ್ದು ಇದೇ.

ಎಷ್ಟು ಕುಡಿದರೂ ಬಾಯಾರಿಕೆ ಯಾಕೆ

ಮನೆಗೆ ಬಂದ ಎರಡನೇ ವಾರ. ಚಿಕ್ಕಪ್ಪನ ತುಟಿ ಒಣಗಿತ್ತು. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿಕೊಳ್ಳುತ್ತಿದ್ದರು. ಮೂತ್ರ ದಿನಕ್ಕೆ ಎರಡು ಸಲ, ಅದೂ ಕಡು ಹಳದಿ. ನಾವೆಲ್ಲ "ನೀರು ಜಾಸ್ತಿ ಕುಡೀರಿ" ಅಂದೆವು. ಊರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಚೊಂಬುಗಟ್ಟಲೆ ಕುಡಿದರು. ಬಂದವರು ಎಳನೀರು ತಂದುಕೊಟ್ಟರು. ಕುಡಿದಷ್ಟೂ ಚೀಲ ತುಂಬುತ್ತಿತ್ತು, ಮನುಷ್ಯ ಬಾಡುತ್ತಿದ್ದರು. ಗುರುತು ಹಾಕಿದ ಮಗ್ಗಿನಲ್ಲಿ ಒಂದು ದಿನ ಅಳೆದೆವು. ಎರಡೂವರೆ ಲೀಟರ್! ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಅದು ಎಚ್ಚರಿಕೆಯ ಮಟ್ಟ.

ಡಾಕ್ಟರ್ ಮೂತ್ರದಲ್ಲಿ ಸೋಡಿಯಂ ಎಷ್ಟಿದೆ ನೋಡಿಸಿದರು. ತೀರಾ ಕಡಿಮೆ ಇತ್ತು. ಅವರು ಹೇಳಿದ್ದು: "ಬರೀ ನೀರು ಕಡಿಮೆ ಮಾಡಿ." ಚಿಕ್ಕಮ್ಮ ತಪ್ಪು ಕೇಳಿಸಿತೇನೋ ಅಂತ ಇನ್ನೊಂದು ಸಲ ಕೇಳಿದರು.

ಇದು ಯಾಕೆ ಹೀಗೆ? ಸಣ್ಣ ಕರುಳಿನ ಮೇಲಿನ ಭಾಗದ ಗೋಡೆ ಸಡಿಲ ನೇಯ್ಗೆಯ ಬಟ್ಟೆ ಇದ್ದಂತೆ. ಉಪ್ಪಿಲ್ಲದ ನೀರು ಅಲ್ಲಿಗೆ ಬಂದರೆ, ಸಮ ಮಾಡಲು ರಕ್ತದಲ್ಲಿರುವ ಉಪ್ಪು ಆ ನೀರಿಗೆ ಇಳಿಯುತ್ತದೆ. ಕರುಳು ಪೂರ್ತಿ ಇದ್ದವರಿಗೆ ಆ ಉಪ್ಪು ಮುಂದಿನ ದಾರಿಯಲ್ಲಿ ವಾಪಸ್ ಸಿಗುತ್ತದೆ. ದಾರಿಯೇ ಅರ್ಧಕ್ಕೆ ನಿಂತು ಚೀಲಕ್ಕೆ ತೆರೆದುಕೊಂಡರೆ ಉಪ್ಪೂ ಹೋಯಿತು, ನೀರೂ ಹೋಯಿತು. ಬಾಯಾರಿಕೆ ಇನ್ನಷ್ಟು ನೀರು ಕುಡಿಸುತ್ತದೆ. ಕುಡಿದ ನೀರು ಇನ್ನಷ್ಟು ಉಪ್ಪನ್ನು ಎಳೆದುಕೊಂಡು ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಆದ್ದರಿಂದ ಈ ಕೆಲಸಕ್ಕೆ ಅದು ಸಾಲದು. ತುಂಬಾ ಸಿಹಿಯಾದ ಜ್ಯೂಸು, ಕೂಲ್‌ಡ್ರಿಂಕ್ ಇನ್ನೂ ಕೆಟ್ಟವು, ಅವು ನೀರನ್ನು ಕರುಳಿನೊಳಕ್ಕೆ ಎಳೆಯುತ್ತವೆ.

ದಾರಿ ಏನು ಅಂದರೆ ಉಪ್ಪು ಮತ್ತು ಗ್ಲುಕೋಸ್ ಒಟ್ಟಿಗೆ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಅದರಲ್ಲಿ ಇವೆರಡೂ ಜೊತೆಯಾಗಿ ಒಳಗೆ ಹೋಗುತ್ತವೆ, ಹಿಂದೆಯೇ ನೀರನ್ನೂ ಎಳೆದುಕೊಳ್ಳುತ್ತವೆ. ಒಆರ್‌ಎಸ್ ಕೆಲಸ ಮಾಡುವುದು ಈ ಬಾಗಿಲಿನಿಂದ. ಚೀಲದಿಂದ ಜಾಸ್ತಿ ಹರಿಯುವವರಿಗೆ ಉಪ್ಪು ಇನ್ನೂ ಸ್ವಲ್ಪ ಹೆಚ್ಚು ಬೇಕು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಒಂದು ಲೆಕ್ಕ ಪ್ರಸಿದ್ಧ: ಒಂದು ಲೀಟರ್ ಶುದ್ಧ ನೀರಿಗೆ 20 ಗ್ರಾಂ ಗ್ಲುಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ. ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಮಾರನೆಯ ದಿನಕ್ಕೆ ಹೊಸದಾಗಿ ಕಲಸಬೇಕು. ಎಷ್ಟು ಕುಡಿಯಬೇಕು, ಬರೀ ನೀರು ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ಕೇಳದೆ ಶುರುಮಾಡಲೇಬಾರದು.

ಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ. ಚಿಕ್ಕಮ್ಮ ಏನು ಮಾಡಿದರು ಗೊತ್ತಾ? ಉಪ್ಪಿನ ಪೊಟ್ಟಣ ಹಿಡಿದುಕೊಂಡು ಪರಿಚಯದ ಚಿನ್ನಬೆಳ್ಳಿ ಅಂಗಡಿಗೆ ಹೋಗಿ, ಅವರ ತಕ್ಕಡಿಯಲ್ಲಿ ಮೂರೂವರೆ ಗ್ರಾಂ ತೂಗಿಸಿದರು. ಆಮೇಲೆ ಅದನ್ನು ಒಂದು ಚಮಚಕ್ಕೆ ಸುರಿದು, ಎಲ್ಲಿಯವರೆಗೆ ಬರುತ್ತದೆ ನೋಡಿ, ಮೊಳೆಯಿಂದ ಗೀರು ಹಾಕಿದರು. ಆ ಚಮಚ ಈಗಲೂ ಬೇರೆ ಡಬ್ಬಿಯಲ್ಲಿದೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಐದು ದಿನದಲ್ಲಿ ಮೂತ್ರ ತಿಳಿಯಾಯಿತು. ಮೀನಖಂಡದ ಹಿಡಿತಕ್ಕೆ ಮೆಗ್ನೀಸಿಯಂ ಕೊರತೆಯೂ ಕಾರಣವಾಗಿತ್ತು, ಅದಕ್ಕೆ ಮಾತ್ರೆ ಕೊಟ್ಟರು.

ಭೇದಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ಪ್ರಯೋಜನ ಹೆಚ್ಚು. ಕರುಳಿನ ಓಟ ನಿಧಾನವಾಗುತ್ತದೆ, ಹೀರಲು ಸಮಯ ಸಿಗುತ್ತದೆ. ಆದರೆ ಪ್ರಮಾಣವನ್ನು ನಾವೇ ಏರಿಸಬಾರದು, ಅತಿಯಾದರೆ ಹೃದಯದ ಬಡಿತಕ್ಕೆ ಅಪಾಯ.

ಮುದ್ದೆ ನುಂಗಬಹುದು, ಸೊಪ್ಪು ನುಂಗಬಾರದು

ನಮ್ಮ ಕಡೆ ಮುದ್ದೆ ಅಗಿಯುವವರನ್ನು ಕಂಡರೆ ಎಲ್ಲರೂ ನೋಡುತ್ತಾರೆ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಚೆನ್ನಾಗಿ ಬೆಂದ ಮೆತ್ತನೆಯ ಮುದ್ದೆಯಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ತೊಂದರೆ ಇರುವುದು ಅದರ ಜೊತೆ ಅಗಿಯದೆ ಒಳಗೆ ಹೋಗುವುದರಲ್ಲಿ: ದಂಟಿನ ನಾರು, ಕಾಳಿನ ಸಿಪ್ಪೆ, ತೆಂಗಿನ ಚೂರು. ಹೊಟ್ಟೆಯ ಗೋಡೆಯಿಂದ ಕರುಳು ಹೊರಗೆ ಬರುವ ಜಾಗ ಇಕ್ಕಟ್ಟು. ಆಪರೇಷನ್ ಆದ ಮೊದಲ ಆರೆಂಟು ವಾರ ಊತವೂ ಇರುತ್ತದೆ. ಅಲ್ಲಿ ನಾರು ಉಂಡೆ ಕಟ್ಟಿ ಸಿಕ್ಕಿಕೊಳ್ಳುತ್ತದೆ.

ಅವರೆಕಾಯಿ ಕಾಲದಲ್ಲಿ ಚಿಕ್ಕಪ್ಪನಿಗೆ ಮನಸ್ಸು ತಡೆಯಲಿಲ್ಲ. ಚಿಕ್ಕಮ್ಮ ಇಡೀ ಕಾಳಿನ ಸಾರು ಕೊಡಲಿಲ್ಲ, ಹಿತುಕಿದ ಬೇಳೆ ಮಾಡಿಕೊಟ್ಟರು. ಕಾಳು ನೆನೆಸಿ, ಒಂದೊಂದನ್ನೇ ಹಿತುಕಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಮಾತ್ರ ಜಾರಿ ಬೀಳುತ್ತದೆ. ಕರುಳಿಗೆ ಅಡ್ಡ ಬರುವುದು ಆ ಸಿಪ್ಪೆಯೇ. ನಮ್ಮ ಅಜ್ಜಿಯರ ಅಡುಗೆಯಲ್ಲಿ ಈ ಕಾಯಿಲೆಗೆ ಒಗ್ಗುವ ದಾರಿಗಳು ಎಷ್ಟೋ ಇವೆ. ಬಸ್ಸಾರಿನ ಕಟ್ಟು ಸೋಸಿದ್ದು, ಟೊಮೆಟೊ ಬೇಯಿಸಿ ಸಿಪ್ಪೆ ಸುಲಿದದ್ದು, ನಾರಿಲ್ಲದ ಬಾದಾಮಿ ಮಾವು. ತುಮಕೂರು, ತಿಪಟೂರು ಕಡೆಯವರು ತೆಂಗಿನ ವಿಷಯದಲ್ಲಿ ಹುಷಾರಾಗಿರಬೇಕು. ಹಸಿ ಕಾಯಿ ಚೂರು, ಕೊಬ್ಬರಿ ಜೀರ್ಣವಾಗದೆ ಹಾಗೇ ಬಂದು ಅಡ್ಡ ನಿಲ್ಲುತ್ತವೆ. ನುಣ್ಣಗೆ ರುಬ್ಬಿ ಹಿಂಡಿದ ಹಾಲು ಆದೀತು.

ಉಪ್ಸಾರಿಗೆ ಒಂದು ಚಿಟಿಕೆ ಜಾಸ್ತಿ ಉಪ್ಪು, ಮಜ್ಜಿಗೆಗೂ ಉಪ್ಪು. "ಬಿಪಿ ಬರುತ್ತೆ" ಅಂತ ಮನೆಯವರು ತಡೆಯುತ್ತಾರೆ. ಉಪ್ಪು ಕಳೆದುಕೊಳ್ಳುತ್ತಿರುವ ಮನುಷ್ಯನಿಗೆ ಡಾಕ್ಟರ್ ಹೇಳಿದಷ್ಟು ಉಪ್ಪು ಔಷಧಿ.

ಸಣ್ಣ ಕರುಳು ಗಿಡ್ಡವಾಗಿದ್ದು ದೊಡ್ಡ ಕರುಳು ಇದ್ದವರಿಗೆ ಇನ್ನೊಂದು ಎಚ್ಚರ ಇದೆ. ಪಾಲಕ್, ದಂಟಿನ ಸೊಪ್ಪು, ಕಡಲೆಕಾಯಿ, ಕಡಕ್ ಟೀ ಇವುಗಳಲ್ಲಿರುವ ಆಕ್ಸಲೇಟ್ ಇಂಥವರಲ್ಲಿ ಜಾಸ್ತಿ ಒಳಗೆ ಹೋಗಿ ಕಿಡ್ನಿಯಲ್ಲಿ ಕಲ್ಲಾಗಬಹುದು.

ಚೀಲಕ್ಕೆ ಗಂಟೆಗಟ್ಟಲೆ ಏನೂ ಬರದೆ, ಹೊಟ್ಟೆ ಹಿಂಡಿ, ವಾಂತಿ ಶುರುವಾದರೆ ಕರುಳು ಕಟ್ಟಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯಬೇಡಿ.

ಚೀಲದ ಬಗ್ಗೆ ಎರಡು ಮಾತು

ಹೊರಗೆ ಕಾಣುವ ಕರುಳಿನ ತುದಿಗೆ ಸ್ಟೋಮಾ ಅನ್ನುತ್ತಾರೆ. ಅದು ಬಾಯೊಳಗಿನ ತುಟಿಯ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಮುಟ್ಟಿದರೆ ನೋವಾಗುವುದಿಲ್ಲ. ಕಪ್ಪು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆಗೆ ಓಡಬೇಕು. ಸಣ್ಣ ಕರುಳಿನಿಂದ ಬರುವುದರಲ್ಲಿ ಜೀರ್ಣರಸ ಇರುವುದರಿಂದ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದಂತೆ ಆಗುತ್ತದೆ. ಹೆಚ್ಚಿನವರ ಚರ್ಮ ಹಾಳಾಗುವುದು ಅಂಟುಪಟ್ಟಿಯ ತೂತನ್ನು ದೊಡ್ಡದಾಗಿ ಕತ್ತರಿಸಿದ್ದರಿಂದ. ಸ್ಟೋಮಾದ ಸುತ್ತ ಎರಡು ಮೂರು ಮಿಲಿಮೀಟರ್ ಜಾಗ ಬಿಟ್ಟರೆ ಸಾಕು. ಮೊದಲ ಎರಡು ತಿಂಗಳಲ್ಲಿ ಸ್ಟೋಮಾ ಕುಗ್ಗುತ್ತದೆ, ಆಸ್ಪತ್ರೆಯಲ್ಲಿ ಕೊಟ್ಟ ಅಳತೆ ಆಮೇಲೆ ಸರಿಹೋಗುವುದಿಲ್ಲ. ವಾರಕ್ಕೊಮ್ಮೆ ಅಳೆಯಿರಿ. ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಿದರೆ ಭಾರಕ್ಕೆ ಕಿತ್ತು ಬರುವುದಿಲ್ಲ.

ಮತ್ತೆ ಜೋಡಿಸುವುದು ಅಂದರೆ

ಎಲ್ಲ ಚೀಲಗಳೂ ಒಂದೇ ಅಲ್ಲ. ಕೆಲವು ಮೊದಲಿನಿಂದಲೇ ತಾತ್ಕಾಲಿಕ. ಕೆಳಗೆ ಹಾಕಿದ ಜೋಡಣೆ ಗಾಯ ಮಾಯುವ ತನಕ ಮಲ ಅಲ್ಲಿಗೆ ಹೋಗದಿರಲಿ ಅಂತ, ಕರುಳಿನ ಒಂದು ಮಡಿಕೆಯನ್ನು ಹೊರಗೆ ತಂದು ಕಿಟಕಿಯ ಹಾಗೆ ತೆರೆದಿರುತ್ತಾರೆ. ಇದನ್ನು ಮುಚ್ಚುವುದು ಹೋಲಿಕೆಯಲ್ಲಿ ಸುಲಭ. ಸಾಮಾನ್ಯವಾಗಿ ಇಡೀ ಹೊಟ್ಟೆ ಮತ್ತೆ ತೆರೆಯಬೇಕಾಗಿಲ್ಲ.

ಇನ್ನೊಂದು ರೀತಿಯಲ್ಲಿ ಮೇಲಿನ ತುದಿ ಹೊರಗೆ ಇರುತ್ತದೆ, ಕೆಳಗಿನ ತುದಿಯನ್ನು ಹೊಲಿದು ಒಳಗೆ ಬಿಟ್ಟಿರುತ್ತಾರೆ. ದೊಡ್ಡ ಕರುಳಿನಲ್ಲಿ ಹೀಗೆ ಮಾಡುವುದನ್ನು ಹಾರ್ಟ್‌ಮನ್ ಆಪರೇಷನ್ ಅನ್ನುತ್ತಾರೆ. 1921ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ಸರ್ಜನ್ ಆನ್ರಿ ಹಾರ್ಟ್‌ಮನ್ ಅವರ ಹೆಸರು. ಇಲ್ಲಿ ವಾಪಸ್ ಜೋಡಿಸುವುದು ದೊಡ್ಡ ಆಪರೇಷನ್. ಒಳಗೆ ಬಿಟ್ಟ ತುದಿಯನ್ನು ಹುಡುಕಬೇಕು, ಬಿಡಿಸಬೇಕು, ಎಳೆತವಿಲ್ಲದೆ ಎರಡೂ ತುದಿ ಸೇರಬೇಕು. ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಲ್ಲ ನೋಡಿ ಬೇಡ ಅಂತ ತೀರ್ಮಾನಿಸುವವರೂ ಬಹಳ ಜನ. ಚೀಲದೊಂದಿಗೇ ಚೆನ್ನಾಗಿ ಬದುಕುವುದು ಸೋಲು ಅಂತ ನಾನು ಅಂದುಕೊಳ್ಳುವುದಿಲ್ಲ.

"ಇಷ್ಟು ದಿನ ಯಾಕೆ ಕಾಯಿಸ್ತಾರೆ?" ಅಂತ ಚಿಕ್ಕಪ್ಪ ಪ್ರತಿ ಸಲವೂ ಕೇಳುತ್ತಿದ್ದರು. ಕಾರಣ ಇದೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಕರುಳಿನ ಸುರುಳಿಗಳು ಹಲಸಿನ ಮೇಣ ಹಚ್ಚಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಗ ಬಿಡಿಸಲು ಹೋದರೆ ಹರಿಯುತ್ತವೆ. ಎರಡು ಮೂರು ತಿಂಗಳಾದರೂ ಕಳೆದರೆ ಆ ಅಂಟು ಮೆತ್ತಗಾಗುತ್ತದೆ. ದೊಡ್ಡ ಸೋಂಕು ಆಗಿದ್ದರೆ ಆರು ತಿಂಗಳೂ ಕಾಯಿಸಬಹುದು. ಕ್ಯಾನ್ಸರ್ ಇದ್ದವರಿಗೆ ಕೀಮೋ ಮುಗಿಯುವ ತನಕ ತಳ್ಳುವುದುಂಟು. ಅಷ್ಟರಲ್ಲಿ ಮೈಗೆ ಬಲ ಬರಬೇಕು. ರಕ್ತ, ಪ್ರೋಟೀನ್ ಕಡಿಮೆ ಇರುವ ದೇಹದಲ್ಲಿ ಹಾಕಿದ ಹೊಲಿಗೆ ಸೋರುವ ಭಯ ಹೆಚ್ಚು. ಹೊಲಿಗೆ ಸೋರುವುದು ಈ ಆಪರೇಷನ್ನಿನ ದೊಡ್ಡ ಅಪಾಯ. ಬೀಡಿ ಸಿಗರೇಟು ಬಿಡಿ ಅಂತ ಸರ್ಜನ್‌ಗಳು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಜೋಡಿಸುವ ಮೊದಲು ಕೆಳಗಿನ ದಾರಿ ತೆರೆದಿದೆಯಾ ಅಂತ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ ಅಥವಾ ಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವುದು) ಮಾಡುತ್ತಾರೆ. ಗುದದ್ವಾರದ ಸ್ನಾಯು ಗಟ್ಟಿ ಇದೆಯಾ ಅಂತಲೂ ನೋಡಬೇಕು. ತೂಬು ಸಡಿಲವಾಗಿದ್ದರೆ ಕಾಲುವೆ ಸರಿಮಾಡಿ ಏನು ಉಪಯೋಗ? ಇದನ್ನು ಪರೀಕ್ಷೆ ಮಾಡಿದ್ದೀರಾ ಅಂತ ಬಾಯಿಬಿಟ್ಟು ಕೇಳಿ.

ಕೆರೆ ಒಡೆದಿದ್ದರೆ

ಗುದನಾಳದ ಕ್ಯಾನ್ಸರ್‌ನಲ್ಲಿ ಗುದನಾಳದ ಬಹುಭಾಗ ತೆಗೆದು, ದೊಡ್ಡ ಕರುಳನ್ನು ನೇರವಾಗಿ ಕೆಳಕ್ಕೆ ಜೋಡಿಸುತ್ತಾರೆ. ಚೀಲ ಹೋಯಿತು ಅಂತ ಮನೆಯವರಿಗೆ ಸಂತೋಷ. ಆದರೆ ತುಂಬಿಟ್ಟುಕೊಳ್ಳುವ ಕೆರೆ ಇಲ್ಲ, ಕಾಲುವೆ ನೇರವಾಗಿ ತೂಬಿಗೆ ಬಂದಿದೆ. ಎರಡಕ್ಕೆ ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕು, ಮತ್ತೆ ಹೋಗಬೇಕು. ತಡೆಯಲು ಆಗುವುದಿಲ್ಲ. ರೇಡಿಯೇಷನ್ ಆಗಿದ್ದರೆ ಇನ್ನೂ ಜಾಸ್ತಿ. ಬಸ್ ಹತ್ತುವುದನ್ನೇ ಬಿಟ್ಟವರಿದ್ದಾರೆ. ನಾಚಿಕೆಯಿಂದ ಡಾಕ್ಟರ್‌ಗೂ ಹೇಳುವುದಿಲ್ಲ. ಇದಕ್ಕೆ ವೈದ್ಯರಲ್ಲಿ ಹೆಸರೂ ಇದೆ, ದಾರಿಗಳೂ ಇವೆ. ಇಸಬ್‌ಗೋಲ್ ಮಲವನ್ನು ಒಂದುಗೂಡಿಸುತ್ತದೆ. ಲೋಪೆರಮೈಡ್ ಓಟ ತಡೆಯುತ್ತದೆ. ಫಿಸಿಯೋಥೆರಪಿಯವರು ಗುದದ್ವಾರದ ಸುತ್ತಲಿನ ಸ್ನಾಯುಗಳಿಗೆ ವ್ಯಾಯಾಮ ಕಲಿಸುತ್ತಾರೆ. ಬೆಳಗ್ಗೆ ಒಮ್ಮೆ ಗುದದ್ವಾರದ ಮೂಲಕ ನೀರು ಬಿಟ್ಟು ಒಳಗೆ ತೊಳೆದುಕೊಂಡರೆ ಹಗಲೆಲ್ಲ ನಿರಾಳ ಅನ್ನುವವರೂ ಇದ್ದಾರೆ. ಬಹಳ ಜನರಿಗೆ ಒಂದೆರಡು ವರ್ಷದಲ್ಲಿ ಸುಧಾರಿಸುತ್ತದೆ.

ಹುಣ್ಣಿನ ಕಾಯಿಲೆಗೆ ದೊಡ್ಡ ಕರುಳು, ಗುದನಾಳ ಎರಡನ್ನೂ ತೆಗೆದವರಿಗೆ ಹೊಸ ಕೆರೆಯನ್ನೇ ಕಟ್ಟಬಹುದು. ಸಣ್ಣ ಕರುಳಿನ ತುದಿಯನ್ನು ಮಡಚಿ, ನಡುಗೋಡೆ ತೆಗೆದು ಹೊಲಿದು, ಒಂದು ಸಂಚಿ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. 1978ರಲ್ಲಿ ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ ಇದನ್ನು ವರದಿ ಮಾಡಿದರು. 1980ರಲ್ಲಿ ಜಪಾನಿನ ಉತ್ಸುನೊಮಿಯಾ ಜೆ ಅಕ್ಷರದ ಆಕಾರದಲ್ಲಿ ಮಡಚುವ ಸುಲಭ ದಾರಿ ತೋರಿಸಿದರು. ಈಗ ಹೆಚ್ಚಾಗಿ ಮಾಡುವುದು ಅದನ್ನೇ, ಎರಡು ಅಥವಾ ಮೂರು ಹಂತದಲ್ಲಿ. ಆಮೇಲೆ ದಿನಕ್ಕೆ ಐದಾರು ಸಲ ಹೋಗುವುದು ಮಾಮೂಲು. ಆಗಾಗ ಸಂಚಿಗೆ ಉರಿಯೂತ ಬರಬಹುದು, ಹೆಚ್ಚಾಗಿ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ.

ಗುದದ್ವಾರವನ್ನೇ ತೆಗೆದಿದ್ದರೆ ಚೀಲ ಶಾಶ್ವತ. ಅದು ದೊಡ್ಡ ಕರುಳಿನ ಕೊನೆಯ ಭಾಗದ ಚೀಲವಾದರೆ, ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಸ್ಟೋಮಾದ ಮೂಲಕ ನೀರು ಬಿಟ್ಟು ತೊಳೆಯುವ ವಿಧಾನವನ್ನು ಕಲಿಯಬಹುದು. ನಡುವೆ ಬರೀ ಒಂದು ಸಣ್ಣ ಮುಚ್ಚಳದಂಥ ಪಟ್ಟಿ ಸಾಕಾಗುತ್ತದೆ. ಸಣ್ಣ ಕರುಳಿನ ಚೀಲಕ್ಕೆ ಇದು ಆಗುವುದಿಲ್ಲ.

ಸಣ್ಣ ಕರುಳು ತೀರಾ ಗಿಡ್ಡವಾದರೆ

ಒಟ್ಟು 200 ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಅದನ್ನು ಗಿಡ್ಡ ಕರುಳಿನ ತೊಂದರೆ ಅನ್ನುತ್ತಾರೆ. ಇಂಥವರಿಗೆ ದೊಡ್ಡ ಕರುಳು ಬಂಗಾರ. ನೀರು, ಉಪ್ಪು ಹೀರುವುದು ಒಂದು ಕಡೆ. ಜೀರ್ಣವಾಗದ ಹಿಟ್ಟಿನಂಶವನ್ನು ಅಲ್ಲಿರುವ ಬ್ಯಾಕ್ಟೀರಿಯಾಗಳು ಹುದುಗಿಸಿ, ದೇಹ ಬಳಸುವಂಥ ಶಕ್ತಿಯಾಗಿ ಮಾಡುತ್ತವೆ. ಚೀಲ ಇರುವವರಿಗೆ 100 ಸೆಂಟಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ಡ್ರಿಪ್ ಬೇಕಾಗುತ್ತದೆ. ಅದೇ ದೊಡ್ಡ ಕರುಳು ಜೋಡಣೆಯಾಗಿದ್ದರೆ ಐವತ್ತು ಅರವತ್ತು ಸೆಂಟಿಮೀಟರ್‌ನಲ್ಲೂ ಕೆಲವರು ಬಾಯಿಂದಲೇ ತಿಂದು ಬದುಕುತ್ತಾರೆ. ಒಳಗೆ ಒಳ್ಳೆಯ ದೊಡ್ಡ ಕರುಳು ಸುಮ್ನೆ ಕೂತಿದ್ದರೆ ಅದನ್ನು ಮತ್ತೆ ದಾರಿಗೆ ಸೇರಿಸುವುದೇ ಮೊದಲ ಪುನರ್‌ಜೋಡಣೆ.

ಅದರಾಚೆಗೆ ಉದ್ದ ಹೆಚ್ಚಿಸುವ ಆಪರೇಷನ್‌ಗಳಿವೆ. ಕರುಳು ಹಿಗ್ಗಿ ಅಗಲವಾಗಿದ್ದರೆ ಮಾತ್ರ ಸಾಧ್ಯ. 1980ರಲ್ಲಿ ಬಿಯಾಂಕಿ ಅವರು ಅದನ್ನು ಉದ್ದಕ್ಕೆ ಸೀಳಿ ಎರಡು ಕೊಳವೆ ಮಾಡುವ ದಾರಿ ಹೇಳಿದರು. 2003ರಲ್ಲಿ ಬಾಸ್ಟನ್ನಿನ ಸರ್ಜನ್‌ಗಳು ಎಡಕ್ಕೊಂದು ಬಲಕ್ಕೊಂದು ಅರ್ಧಂಬರ್ಧ ಕತ್ತರಿಸುತ್ತಾ ಹೋಗಿ, ಅಗಲದ ಕೊಳವೆಯನ್ನು ಅಂಕುಡೊಂಕಾದ ಉದ್ದ ಕೊಳವೆ ಮಾಡಿದರು. ಕರುಳಿನ ಒಳಗೋಡೆ ಬೆಳೆಸುವ ಟೆಡುಗ್ಲುಟೈಡ್ ಅನ್ನುವ ಇಂಜೆಕ್ಷನ್ ಇದೆ, ಬೆಲೆ ತುಂಬಾ ಜಾಸ್ತಿ. ಕರುಳಿನ ಕಸಿ ಕೊನೆಯ ದಾರಿ, ದೇಶದ ಕೆಲವೇ ದೊಡ್ಡ ಕೇಂದ್ರಗಳಲ್ಲಿ ಮಾಡುತ್ತಾರೆ.

ಯಾರ ಹತ್ತಿರ, ಯಾವ ಕಾಗದ ಹಿಡಿದು

ಮಾಮೂಲು ಸಮಸ್ಯೆಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ತುಮಕೂರು ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗಳ ಸರ್ಜರಿ ವಿಭಾಗದಲ್ಲಿ ತೋರಿಸಬಹುದು. ಗಿಡ್ಡ ಕರುಳು, ಸಂಚಿ ಕಟ್ಟುವುದು, ಎರಡನೇ ಮೂರನೇ ಸಲದ ಆಪರೇಷನ್ ಅಂತಾದರೆ ಇದರಲ್ಲೇ ಪಳಗಿದ ಗ್ಯಾಸ್ಟ್ರೋ ಸರ್ಜನ್ ಬೇಕು. ಅದಕ್ಕೆ ಬೆಂಗಳೂರಿಗೇ ಹೋಗಬೇಕಾಗುತ್ತದೆ. ಕ್ಯಾನ್ಸರ್ ಇದ್ದವರಿಗೆ ಅಲ್ಲಿಯ ಕಿದ್ವಾಯಿ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡಾ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ದೊಡ್ಡ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ತುರ್ತು ಇದ್ದಾಗ ಅದರ ಮಾತು ಬೇರೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯಾ ಅಂತ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಕಾಗದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಪರೇಷನ್ ನೋಟ್. ಸರ್ಜನ್ ಒಳಗೆ ಏನು ನೋಡಿದರು, ಎಷ್ಟು ತೆಗೆದರು, ಎಷ್ಟು ಬಿಟ್ಟರು ಅಂತ ಬರೆದ ಪುಟ ಅದು. ಡಿಸ್ಚಾರ್ಜ್ ಕಾಗದದಲ್ಲಿ ಇದರ ಸಾರಾಂಶ ಮಾತ್ರ ಇರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಕೇಳಿ ಪಡೆಯುವುದು ನಿಮ್ಮ ಹಕ್ಕು. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದರ ಜೊತೆ ಬಯಾಪ್ಸಿ ವರದಿ, ಸ್ಕ್ಯಾನ್ ಸಿಡಿ, ಒಂದು ವಾರ ಅಳೆದು ಬರೆದಿಟ್ಟ ಚೀಲದ ಲೆಕ್ಕ ಇಟ್ಟುಕೊಳ್ಳಿ. ಸರ್ಜನ್ ಎದುರು ಕೂತಾಗ ಜೋಡಿಸಿದ ಮೇಲೆ ದಿನಕ್ಕೆ ಎಷ್ಟು ಸಲ ಹೋಗಬೇಕಾಗಬಹುದು, ಹೊಲಿಗೆ ಸೋರಿದರೆ ಮತ್ತೆ ಚೀಲ ಹಾಕಬೇಕಾಗುತ್ತದಾ, ಈ ಆಪರೇಷನ್ ನೀವು ಆಗಾಗ ಮಾಡ್ತೀರಾ ಅಂತ ಕೇಳಿ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಚಿಕ್ಕಪ್ಪನಿಗೆ ಐದನೇ ತಿಂಗಳು ಮುಗಿದ ಮೇಲೆ ಜೋಡಿಸಿದರು. ಐದು ತಿಂಗಳು ಒಣಗಿದ್ದ ಕಾಲುವೆಗೆ ನೀರು ಬಿಟ್ಟ ಹಾಗೆ, ಮೊದಲ ಎರಡು ವಾರ ದಿನಕ್ಕೆ ಹತ್ತು ಹನ್ನೆರಡು ಸಲ. ಹಿಂಭಾಗ ಹುಣ್ಣಾಗಿ ಕೂರಲು ಆಗುತ್ತಿರಲಿಲ್ಲ. "ಚೀಲವೇ ವಾಸಿ ಇತ್ತು" ಅಂದರು. ಕಾಗದದಿಂದ ಒರೆಸದೆ ನೀರಿನಿಂದ ತೊಳೆದು, ಒತ್ತಿ ಒಣಗಿಸಿ, ಸತುವಿನ ಮುಲಾಮು ಹಚ್ಚುತ್ತಾ ಬಂದರು. ಮೂರನೇ ತಿಂಗಳಿಗೆ ಆರು ಸಲಕ್ಕೆ ಇಳಿಯಿತು. ಈಗ ಮೂರು ನಾಲ್ಕು ಸಲ. ರಾತ್ರಿ ಎರಡು ಮುದ್ದೆಯ ಬದಲು ಒಂದೂವರೆ. ಡೇರಿಗೆ ಹಾಲು ಹಾಕಲು ಆರು ಗಂಟೆಗೆ ಹೊರಡಬೇಕು, ಅದಕ್ಕೆ ನಾಲ್ಕೂವರೆಗೇ ಏಳುತ್ತಾರೆ. ಬಿ12 ಪರೀಕ್ಷೆಯ ತಾರೀಕನ್ನು ಗೋಡೆಯ ಕ್ಯಾಲೆಂಡರ್ ಮೇಲೆ, ಹಸುವಿಗೆ ಲಸಿಕೆ ಹಾಕಿಸುವ ತಾರೀಕಿನ ಪಕ್ಕದಲ್ಲೇ ಚಿಕ್ಕಮ್ಮ ಬರೆದಿಟ್ಟಿದ್ದಾರೆ.